ಶರಣಯ್ಯನ ಕತ್ತರಿ

ಮಹಾಂತಮ್ಮ ಗುಳಿಗೆ ಹಾಳಿಯ ತುಂಡನ್ನು ಮೂರನೆಯ ಸಲ ಬೆಳಕಿಗೆ ಹಿಡಿದಳು. ಅದರ ಬೆನ್ನ ಮೇಲೆ ಅರ್ಧ ತಾರೀಖಿತ್ತು, ಅರ್ಧ ಬೆಲೆಯಿತ್ತು, ತಲೆಯಿಲ್ಲದ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು. ಉಳಿದದ್ದೆಲ್ಲ ಶರಣಯ್ಯನ ಔಷಧಿ ಅಂಗಡಿಯಲ್ಲಿ, ಕತ್ತರಿಯ ಆಚೆಗೆ ಉಳಿದಿತ್ತು.

ಫೋನಿನಲ್ಲಿ ರಾಯಚೂರಿನ ಆಸ್ಪತ್ರೆಯ ನರ್ಸ್ ದೇವಿಕಾ ಕಾಯುತ್ತಿದ್ದಳು. ಬೆಳಗಿನಿಂದ ಹನ್ನೊಂದು ಸಲ ಹಚ್ಚಿದ ಮೇಲೆ ಸಿಕ್ಕವಳು.

"ಹಿಂದ ಏನೇನ್ ಬರದಾರ, ಓದ್ರಿ."

"ಕತ್ತರಿಸಿ ಕೊಟ್ಟಾರ್ರೀ. ಏನೂ ಉಳದಿಲ್ಲ."

"ಹಂಗಾದ್ರ ನಾ ಏನಂತ ಹೇಳ್ಲಿ ಅಕ್ಕಾ? ಡಬ್ಬಿ ನೋಡಿ ಹೇಳ್ರಿ. ಅಲ್ಲಿತನಕ ನುಂಗಬ್ಯಾಡ್ರಿ."

ಮಹಾಂತಮ್ಮನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆಗಲೇ ನಾಲ್ಕು ನುಂಗಿಯಾಗಿತ್ತು.

ದೇವದುರ್ಗದ ಬಸ್‌ಸ್ಟ್ಯಾಂಡ್ ಹಿಂದಿನ ಖಾನಾವಳಿಗೆ ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈ ಅವಳದು. ಆ ಕೈಗೆ ಸಂಧಿವಾತ ಹತ್ತಿ ಎರಡು ವರ್ಷ ಬೆರಳು ಮಡಚಲಾಗದೆ, ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳಲಾಗದೆ ಕುಳಿತಿದ್ದಳು. ಕಡೆಗೆ ರಾಯಚೂರಿನ ಡಾಕ್ಟರು ಬಯೋಲಾಜಿಕ್ ಎಂಬ ಸೂಜಿ ಶುರು ಮಾಡಿದರು. ಹದಿನೈದು ದಿನಕ್ಕೊಂದು. ಮೈಯನ್ನು ಕಾಯುವ ಪಡೆ ದಾರಿ ತಪ್ಪಿ ಮೈಯ ಮೇಲೇ ಬಿದ್ದಿದೆ, ಈ ಸೂಜಿ ಅದನ್ನು ತಗ್ಗಿಸುತ್ತದೆ ಎಂದು ಬಿಡಿಸಿ ಹೇಳಿದ್ದರು. ಆರನೆಯ ತಿಂಗಳಿಗೆ ಅವಳು ಮತ್ತೆ ಮರದ ಕೊಣಮಿಗೆಯಲ್ಲಿ ಹಿಟ್ಟು ನಾದಿದ್ದಳು. ಮೊದಲ ರೊಟ್ಟಿಯನ್ನು ತಾನು ತಿನ್ನದೆ ಮಠಕ್ಕೆ ಒಯ್ದು ಕೊಟ್ಟಿದ್ದಳು.

ಈಚೆಗೆ ಸುಸ್ತು. ರಕ್ತ ನೋಡಿದ ಡಾಕ್ಟರು ವಿಟಮಿನ್ ಕಡಿಮೆಯಾಗಿದೆ, ಗುಳಿಗೆ ತೆಗೆದುಕೊಳ್ಳಿ, ಆದರೆ ಬರೀ ವಿಟಮಿನ್ ಇರಬೇಕು ಎಂದರು. ರೋಗ ತಡೆಯುವ ಶಕ್ತಿ ಹೆಚ್ಚಿಸುತ್ತೇವೆಂದು ಬೇರು, ಬಳ್ಳಿ ಸೇರಿಸಿದ್ದು ಬೇಡ. ಒಂದು ಕಡೆ ನಾವು ತಗ್ಗಿಸುವುದು, ಇನ್ನೊಂದು ಕಡೆ ನೀವು ಎಬ್ಬಿಸುವುದು ಆಗಬಾರದು ಎಂದರು. ಚೀಟಿಯಲ್ಲಿ ಗುಳಿಗೆಯ ಹೆಸರು ಮಾತ್ರ ಇತ್ತು. ಆ ಹೆಸರಿನದು ದೇವದುರ್ಗದ ಯಾವ ಅಂಗಡಿಯಲ್ಲೂ ಇರಲಿಲ್ಲ. ಮಾನ್ವಿಯಲ್ಲಿದ್ದ ಅಣ್ಣ ಗಡಿಗೆಪ್ಪನಿಗೆ ಫೋನು ಮಾಡಿದರೆ, ಅಲ್ಲಿಯೂ ಇಲ್ಲ, ಎಲ್ಲ ವಿಟಮಿನ್ನೂ ಒಂದೇ, ತಾನು ತಿನ್ನುವುದನ್ನೇ ತಿನ್ನು ಎಂದು ಅರ್ಧ ತಾಸು ತನ್ನ ಮೊಣಕಾಲಿನ ವರದಿ ಒಪ್ಪಿಸಿದ.

ಶರಣಯ್ಯ ಮಾತ್ರ ಏನೂ ಕೇಳದೆ ಬೇರೆ ಹೆಸರಿನ ಒಂದು ದೊಡ್ಡ ಹಾಳಿ ತೆಗೆದು ಹತ್ತು ಗುಳಿಗೆ ಕತ್ತರಿಸಿ ಕೊಟ್ಟಿದ್ದ. ಅವನು ಜಂಗಮರ ಮನೆಯವನು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವವನು, ಅವಳ ಮನೆಯ ಗೃಹಪ್ರವೇಶಕ್ಕೆ ಪಾದವಿಟ್ಟವನು. ಅಯ್ಯನ ಕೈಯಿಂದ ಬಂದದ್ದನ್ನು ತಿರುವಿ ನೋಡುವ ರೂಢಿ ಅವಳಿಗಿರಲಿಲ್ಲ. ಕಣ್ಣಿಗೊತ್ತಿಕೊಂಡು ತಂದು, ದೇವರ ಜಗಲಿಯ ಮೇಲಿಟ್ಟು, ಪೂಜೆ ಮುಗಿಸಿ ದಿನಕ್ಕೊಂದು ನುಂಗಿದ್ದಳು. ಇಂದು ಬೆಳಿಗ್ಗೆ ಹಿಟ್ಟಿಗೆ ಕೈ ಹಾಕಿದಾಗ ಬೆರಳು ಜಡವೆನಿಸಿದವು; ಡಾಕ್ಟರ ಮಾತು ನೆನಪಾಗಿ ಆಸ್ಪತ್ರೆಗೆ ಫೋನು ಹಚ್ಚತೊಡಗಿದ್ದಳು. ಗುಳಿಗೆಯಿಂದಲೋ, ಹೆದರಿಕೆಯಿಂದಲೋ, ಹೇಳುವವರು ಯಾರು?

ಈಗ ಫೋನು ಹಿಡಿದು, ಸೆರಗು ಹೊದ್ದು ಶರಣಯ್ಯನ ಅಂಗಡಿಗೆ ನಡೆದಳು. ಶರಣಯ್ಯ ಯಾರಿಗೋ ಕೆಮ್ಮಿನ ಔಷಧಿ ಕಟ್ಟುತ್ತಿದ್ದ. ಪಕ್ಕದಲ್ಲಿ ಬಳೆ ಮಾರುವ ಕುಬ್ರಾ ಬೇಗಂ ಕಾಯುತ್ತ ನಿಂತಿದ್ದಳು.

ಡಬ್ಬಿ ತೋರಿಸಿ ಎಂದಾಗ ಶರಣಯ್ಯ ಮೊದಲು ನಕ್ಕ. ಎರಡನೆಯ ಸಲ ಕೇಳಿದಾಗ ನಗು ನಿಂತಿತು.

"ಏನಬೇ ಮಾಂತವ್ವಾ, ನನ್ನ ಕೈ ಮ್ಯಾಲಿನ ನಂಬಿಕಿ ಹೋತೇನು?"

"ನಂಬಿಕಿ ಇದ್ದದ್ದಕ್ಕ ತಿರುವಿ ನೋಡಲಾರದ ನಾಕ್ ದಿನ ನುಂಗೀನ್ರಿ ಅಯ್ಯಾರ. ಈಗ ಡಬ್ಬಿ ತೋರಸ್ರಿ."

ಅವಳ ದನಿ ಅವಳಿಗೇ ಹೊಸದಾಗಿತ್ತು. ಶರಣಯ್ಯ ಗೊಣಗುತ್ತ ಡಬ್ಬಿ ಎಳೆದು ಚಾಳೀಸನ್ನು ಮೂಗಿನ ಮೇಲೇರಿಸಿದ. ಓದುತ್ತ ಹೋದವನು ಒಂದು ಕಡೆ ತಡೆದ.

"ಅಶ್ವಗಂಧ ಅದ. ಅಮೃತಬಳ್ಳಿನೂ ಅದ. ನಮ್ಮ ಹಿತ್ತಲದಾಗ ಬೆಳಿಯೂದು, ಅದೇನ್ ಮಾಡ್ತದ?"

"ಏನ್ ಮಾಡ್ತದಂತ ನನಗೂ ತಿಳೀದು, ನಿಮಗೂ ತಿಳೀದು. ತಿಳದವರು ಬ್ಯಾಡ ಅಂದಾರ."

ಉಳಿದ ಆರು ಗುಳಿಗೆಗಳನ್ನು ಗಾಜಿನ ಮೇಲಿಟ್ಟಳು. ಅಯ್ಯನ ಕೈಯದನ್ನು ಅಯ್ಯನಿಗೇ ತಿರುಗಿ ಕೊಟ್ಟದ್ದು ಜೀವಮಾನದಲ್ಲಿ ಇದೇ ಮೊದಲು. ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿದಳು, ಕೈ ಮಾತ್ರ ಹಿಂದೆಗೆಯಲಿಲ್ಲ. ಬರೀ ವಿಟಮಿನ್ ಇರುವುದು ಬೇಕು, ಹಾಳಿ ಕತ್ತರಿಸಬಾರದು, ಹಿಂದಿನದನ್ನೆಲ್ಲ ಈಗಲೇ ಓದಿ ಹೇಳಬೇಕು, ತಾನದನ್ನು ನರ್ಸಿಗೆ ಫೋನಿನಲ್ಲೇ ಕೇಳಿಸುತ್ತೇನೆ ಎಂದಳು. ಗಿರಾಕಿಗಳು ನಿಂತಿದ್ದಾರೆ ಎಂದು ಶರಣಯ್ಯ ಗಲ್ಲಿಯತ್ತ ಕೈ ತೋರಿಸಿದ.

"ಪುರಾಣ ಮೂರ್ ತಾಸು ಓದ್ತೀರಿ ಅಯ್ಯಾರ," ಎಂದಳು ಕುಬ್ರಾ ಬೇಗಂ, ಬಳೆಯ ಗಂಟನ್ನು ಕೆಳಗಿಳಿಸುತ್ತ. "ಇದನ್ನೊಂದೀಟು ಓದ್ರಿ. ನಾವೂ ಕೇಳ್ತೀವಿ."

ಶರಣಯ್ಯ ಮುಖ ಗಂಟಿಕ್ಕಿಕೊಂಡು ಬೇರೆ ಹಾಳಿ ತೆಗೆದ. ದೇವಿಕಾ ಈ ಸಲ ಎರಡನೆಯ ರಿಂಗಿಗೇ ಎತ್ತಿದಳು. ಮಹಾಂತಮ್ಮ ಸ್ಪೀಕರ್ ಒತ್ತಿ ಫೋನನ್ನು ಗಾಜಿನ ಮೇಲಿಟ್ಟಳು. ಶರಣಯ್ಯ ಗಂಟಲು ಸರಿಮಾಡಿಕೊಂಡು, ಮಠದಲ್ಲಿ ಓದುವ ಅದೇ ದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ ಓದತೊಡಗಿದ. ಒಂದೊಂದು ಹೆಸರಿಗೂ ಆಚೆಯಿಂದ "ಹೂಂ, ಮುಂದ" ಎಂದು ಬಂತು. ಒಂದೊಂದು ಹೂಂಗೂ ಮಹಾಂತಮ್ಮ ಬಲಗೈಯ ಒಂದೊಂದು ಬೆರಳು ಮಡಚಿದಳು. ಐದನೆಯದು ನಿಧಾನವಾಗಿ ಒಳಗೆ ಬಂದು ಕುಳಿತಿತು. ಅವನು ಹಾಳಿಯನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದ. ಆರನೆಯದಕ್ಕೆ ಅವಳು ಎಡಗೈ ಎತ್ತಿದಳು.