ತಾನಾಗಿ ಉದುರಿದ ಮೀಸೆ

ಬಾಟಲಿಯಲ್ಲಿ ಮೀಸೆ ಮುಗಿದಿತ್ತು. ತಳಕ್ಕೆ ಅಂಟಿಕೊಂಡಿದ್ದ ಒಂದೆರಡನ್ನು ಗೊಂಬೆ ಅಕ್ಕ ಕಡ್ಡಿಯಿಂದ ಕೆದಕಿ ತೆಗೆದು ಬೆಳಕಿಗೆ ಹಿಡಿದಳು. ಎರಡೂ ನಡುವೆ ಮುರಿದಿದ್ದವು.

ಬೆಕ್ಕಿನ ಮೀಸೆ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಅದು ಉದುರಬೇಕು, ಉದುರಿದ್ದು ಕಣ್ಣಿಗೆ ಬೀಳಬೇಕು, ಪೊರಕೆಗೆ ಸಿಕ್ಕಿ ಕಸದ ಜೊತೆ ಹೋಗುವ ಮೊದಲು ಕೈಗೆ ಬರಬೇಕು. ಆ ಮನೆಯಲ್ಲಿ ಬೆಕ್ಕುಗಳಿಗೇನೂ ಬರವಿರಲಿಲ್ಲ. ಚರಂಡಿಯಿಂದ ಎತ್ತಿದ್ದು, ಕಾರಿನ ಇಂಜಿನ್ನೊಳಗಿಂದ ಎಳೆದದ್ದು, ಮನೆ ಖಾಲಿ ಮಾಡಿದವರು ಬಿಟ್ಟುಹೋದದ್ದು. ಮಂಚದ ಕೆಳಗೆ, ಬಟ್ಟೆಗಂಟಿನ ಮೇಲೆ, ಹೊಲಿಗೆ ಮಿಷಿನ್ನಿನ ಪೆಡಲಿನ ಮೇಲೆ, ಎಲ್ಲಿ ಕಾಲಿಟ್ಟರೂ ಬೆಕ್ಕು. ಆದರೂ ಮೀಸೆ ಉದುರುವುದು ಅವಕ್ಕೆ ಮನಸ್ಸು ಬಂದಾಗ ಮಾತ್ರ.

ಗೊಂಬೆ ಅಕ್ಕ ಮಾಡುತ್ತಿದ್ದದ್ದು ಬೆಕ್ಕಿನ ಗೊಂಬೆಗಳನ್ನು. ಹಲ್ಲುನೋವಿಗೆ ಕೆನ್ನೆ ಸುತ್ತ ಬಟ್ಟೆ ಕಟ್ಟಿಕೊಂಡ ಬೆಕ್ಕು, ಬಸ್ಸು ತಪ್ಪಿ ಕೊಡೆ ಹಿಡಿದು ನಿಂತ ಬೆಕ್ಕು, ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುವ ಬೆಕ್ಕು. ಮೈ ಹಳೆಯ ಬಟ್ಟೆಯದು. ಮುಖ ಮಾತ್ರ ನಿಜವಾದ ಬೆಕ್ಕುಗಳನ್ನು ಬಾಚಿ ತೆಗೆದ ಕೂದಲನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಗಟ್ಟಿ ಮಾಡಿದ್ದು. ಮೀಸೆಯೂ ನಿಜವಾದದ್ದೇ. ಪ್ರತಿ ಗೊಂಬೆಯ ಕೊರಳಿಗೆ ಒಂದು ರಟ್ಟಿನ ಚೂರು ಕಟ್ಟಿ, ‘ಮೀಸೆ ತಾನಾಗಿ ಉದುರಿದ್ದು, ಯಾವ ಬೆಕ್ಕಿನಿಂದಲೂ ಕಿತ್ತಿದ್ದಲ್ಲ’ ಎಂದು ದುಂಡಗೆ ಬರೆಯುತ್ತಿದ್ದಳು. ನೈಲಾನ್ ದಾರ ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದವರ ಜೊತೆ ಜಗಳವಾಡಿದ್ದಳು. ಜಗಳ ಅವಳಿಗೆ ಕಷ್ಟದ ಕೆಲಸವಲ್ಲ.

ಈಗ ಆಟಿಕೆ ಅಂಗಡಿಯವಳು ಕೇಳಿದ್ದು ಇಡೀ ಬ್ಯಾಂಡ್‌ಸೆಟ್ಟು. ಮುಂದೆ ಕೋಲು ಬೀಸುವ ದಪ್ಪ ಬೆಕ್ಕು, ಹಿಂದೆ ಕಹಳೆ ಊದುವವು, ತಾಳ ಬಡಿಯುವವು, ಕೊನೆಯಲ್ಲಿ ಡ್ರಮ್ಮಿನ ಮೇಲೇ ನಿದ್ದೆ ಹೋದದ್ದು. ಗೊಂಬೆಗಳೆಲ್ಲ ಮೀಸೆಯಿಲ್ಲದೆ ಮೇಜಿನ ಮೇಲೆ ಸಾಲಾಗಿ ಕೂತಿದ್ದವು.

"ನನ್ನ ಮೀಸೆ ತಗೋ," ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಬಿಳೀದೂ ಇದೆ, ಕರೀದೂ ಇದೆ. ಗ್ರೀಸ್ ವಾಸನೆ ಬೇರೆ ಉಚಿತ."

"ನಿಮ್ಮ ಮೀಸೆ ಹಾಕಿದ್ರೆ ಬೆಕ್ಕು ಕಹಳೆ ಊದಲ್ಲ ರೀ, ಗೊರಕೆ ಹೊಡೆಯತ್ತೆ," ಎಂದು ಅವಳು ಸಿಡುಕಿದಳು.

ಒಲೆಯ ಹತ್ತಿರ ನಿಂತಿದ್ದ ಗಂಡನ ತಂಗಿ ನಕ್ಕಳು. ವಯಸ್ಸು ನಲವತ್ತು ದಾಟಿದ್ದರೂ ಮನೆಯಲ್ಲಿ ಅವಳಿಗೆ ಪುಟ್ಟಿ ಎಂದೇ ಹೆಸರು. ಮದುವೆ ಮುರಿದು ಅಣ್ಣನ ಮನೆಗೆ ಬಂದವಳು ಅಲ್ಲೇ ಉಳಿದಿದ್ದಳು. ಬೆಕ್ಕುಗಳು ಗಲೀಜು ಮಾಡುವ ಮಣ್ಣಿನ ತಟ್ಟೆ ಬದಲಿಸುವುದು, ಕಣ್ಣಿಗೆ ಔಷಧಿ ಬಿಡುವುದು, ಕೂದಲು ಬಾಚಿ ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಇಡುವುದು, ಎಲ್ಲ ಅವಳದೇ. ಗೊಂಬೆ ಅಕ್ಕ ಸೂಜಿ ಹಿಡಿದರೆ ಬೇರೆ ಯಾವುದಕ್ಕೂ ಕೈ ಚಾಚುತ್ತಿರಲಿಲ್ಲ.

"ಸಿಗತ್ತೆ ಬಿಡಿ ಅತ್ತಿಗೆ," ಎಂದಳು ಪುಟ್ಟಿ.

"ಎಲ್ಲಿಂದ ಸಿಗತ್ತೆ? ಆಕಾಶದಿಂದ ಉದುರತ್ತಾ?"

ಆ ವಾರ ಪುಟ್ಟಿ ಮಧ್ಯಾಹ್ನವಾದರೆ ಹೊರಗೆ ಹೋಗತೊಡಗಿದಳು. ಎಲ್ಲಿಗೆ ಎಂದರೆ "ಇಲ್ಲೇ" ಎನ್ನುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸೀಮೆಸುಣ್ಣ ಎಂಬ ಮುದಿ ಬಿಳಿ ಗಂಡುಬೆಕ್ಕು ಕಿಟಕಿಯಲ್ಲಿ ಬಿಸಿಲಿಗೆ ಮಲಗಿತ್ತು. ಅದರ ಮೀಸೆ ಉದ್ದ, ದಪ್ಪ, ಬುಡದಿಂದ ತುದಿಯವರೆಗೆ ಬಿಳಿ. ಕೋಲು ಬೀಸುವ ಬೆಕ್ಕಿಗೆ ಹೇಳಿ ಮಾಡಿಸಿದಂತಿತ್ತು. ಗೊಂಬೆ ಅಕ್ಕ ನೋಡುತ್ತಾ ಕೂತಳು. ಆಮೇಲೆ ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದುಕೊಂಡು ಎದ್ದಳು. ಬರೀ ತುದಿ, ಅಷ್ಟೇ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಮೀಸೆ ಕತ್ತರಿಸಿದ ಬೆಕ್ಕು ಸಂದಿಯ ಅಗಲ ತಿಳಿಯದೆ ತಡವರಿಸುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳು ಅವಳೇ.

ಕತ್ತರಿಯ ಅಲಗು ಕೆನ್ನೆಯ ಹತ್ತಿರ ಬಂದಾಗ ಸೀಮೆಸುಣ್ಣ ಕಣ್ಣು ತೆರೆಯಿತು. ಅವಳನ್ನು ಕಂಡು ಕತ್ತು ಚಾಚಿ, ಆ ಅಲಗಿಗೇ ಕೆನ್ನೆ ಉಜ್ಜಿ ಗುರುಗುಟ್ಟಿತು. ಅವಳು ಕೈ ಹಿಂದೆಳೆದು ಕತ್ತರಿಯನ್ನು ಡಬ್ಬಿಗೆ ಎಸೆದಳು. ಮುಖ ಕಿವಿಯವರೆಗೂ ಬಿಸಿಯಾಗಿತ್ತು. ಸಂಜೆ ಪುಟ್ಟಿ ಬಂದು ಚಹಾ ಮಾಡಿ ಕೊಟ್ಟಾಗ, ತಣ್ಣಗಿದೆ ಎಂದು ಕಾರಣವಿಲ್ಲದೆ ಅವಳ ಮೇಲೆ ಹರಿಹಾಯ್ದಳು. ಚಹಾ ಹೊಗೆಯಾಡುತ್ತಿತ್ತು.

ಎರಡು ದಿನ ಕಳೆದು ಆಟಿಕೆ ಅಂಗಡಿಯವಳು ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಳು. ಬ್ಯಾಂಡ್‌ಸೆಟ್ಟಿನ ಮುಂದೆ ಕೂತು ಮಗುವಿನ ಹಾಗೆ ನಕ್ಕಳು. ನಿದ್ದೆ ಹೋದ ಡ್ರಮ್ಮಿನವನನ್ನು ಎತ್ತಿ, "ಇವನು ನಮ್ಮ ಯಜಮಾನರೇ!" ಎಂದಳು. ಆಮೇಲೆ ಮೂಲೆಯ ಬುಟ್ಟಿಯತ್ತ ಬಗ್ಗಿದಳು. ಅಲ್ಲಿ ಕಾಡಿಗೆ ಎಂಬ ಕರಿ ಬೆಕ್ಕು ತನ್ನ ಮರಿಗಳೊಂದಿಗೆ ಮಲಗಿತ್ತು. ಸೇತುವೆಯ ಕೆಳಗೆ ಮೂಳೆ ಚಕ್ಕಳವಾಗಿ ಸಿಕ್ಕಿದ್ದ ಬೆಕ್ಕು ಅದು. ಮರಿ ಹಾಕಿದ್ದು ಇಲ್ಲಿಗೆ ಬಂದ ಮೇಲೆ.

"ಅಯ್ಯೋ, ಇವುಗಳ ಮೀಸೆ ಯಾಕೆ ಹೀಗಿದೆ? ಯಾರೋ ಕತ್ತರಿಸಿದ ಹಾಗಿದೆಯಲ್ಲ!"

ಗೊಂಬೆ ಅಕ್ಕ ಬಗ್ಗಿ ನೋಡಿದಳು. ಮೂರು ಮರಿಗಳ ಕೆನ್ನೆಯಲ್ಲೂ ಮೊಂಡು ಕೂಳೆ ಮಾತ್ರ ಉಳಿದಿತ್ತು. ತಿರುಗಿದರೆ ಮೇಜಿನ ಮೇಲೆ ಬಾಟಲಿ. ಬೆಳಗ್ಗೆ ಖಾಲಿಯಿದ್ದದ್ದು ಈಗ ಅರ್ಧಕ್ಕೂ ಮೇಲೆ ತುಂಬಿತ್ತು. ಆಟಿಕೆ ಅಂಗಡಿಯವಳ ಕಣ್ಣೂ ಬಾಟಲಿಯ ಮೇಲೆ ಹೋಯಿತು. ಅಲ್ಲಿಂದ ಗೊಂಬೆಯ ಕೊರಳಿನ ರಟ್ಟಿಗೆ ಹೋಯಿತು.

ಆಗಲೇ ಪುಟ್ಟಿ ತಟ್ಟೆ ತೊಳೆದ ಬಕೆಟ್ಟು ಹಿಡಿದು ಹಿತ್ತಲಿನಿಂದ ಒಳಗೆ ಬಂದಳು. ಬಾಗಿಲಲ್ಲಿ ಇಸ್ತ್ರಿಯವನು ಬಟ್ಟೆ ಕೊಡಲು ನಿಂತಿದ್ದ.

"ಏನೇ ಇದು?"

"ಯಾವುದು ಅತ್ತಿಗೆ?"

"ನನ್ನನ್ನೇ ಕೇಳ್ತೀಯಾ? ಮರಿಗಳ ಮುಖ ನೋಡು, ಬಾಟಲಿ ನೋಡು. ಹಾಲು ಕುಡಿಯೋ ಮರಿಗೆ ಕತ್ತರಿ ಹಾಕೋಕೆ ನಿನಗೆ ಕೈ ಹೇಗಾದ್ರೂ ಬಂತು?"

ಪುಟ್ಟಿ ಬಕೆಟ್ಟು ಕೆಳಗಿಟ್ಟಳು. "ಒಂದ್ಸಲ ಬಾಟಲಿ ಬಿಚ್ಚಿ ನೋಡಿ ಅತ್ತಿಗೆ. ಆಮೇಲೆ ಬೈಯಿರಿ."

"ನೋಡೋದೇನಿದೆ ಅದ್ರಲ್ಲಿ? ಎಲ್ಲಿ ಹೋಗ್ತೀಯ ಅಂದ್ರೆ ಇಲ್ಲೇ ಅಂತೀಯ. ಇಲ್ಲಿ ನೋಡಿದ್ರೆ ಈ ಕಟುಕರ ಕೆಲಸ. ಇಷ್ಟು ವರ್ಷ ಬಿಟ್ಟಿ ಅನ್ನ ತಿಂದಿದ್ದಕ್ಕೆ ಒಳ್ಳೇ ಉಪಕಾರ ಮಾಡಿದೆ ನನಗೆ!"

ಇಸ್ತ್ರಿಯವನು ತಲೆ ತಗ್ಗಿಸಿ, ಕೊಟ್ಟಾಗಿದ್ದ ಬಟ್ಟೆಯನ್ನೇ ಮತ್ತೆ ಎಣಿಸತೊಡಗಿದ. ಪುಟ್ಟಿ ಕೈ ಒರೆಸಿಕೊಂಡು ಒಳಗೆ ಹೋದಳು. ಬರುವಾಗ ಹೆಗಲಲ್ಲಿ ಬಟ್ಟೆಯ ಚೀಲವಿತ್ತು. ಬುಟ್ಟಿಯ ಹತ್ತಿರ ಒಂದು ಕ್ಷಣ ನಿಂತಳು. ಕಾಡಿಗೆಯ ತಲೆ ಸವರಿ, ಇಸ್ತ್ರಿಯವನನ್ನು ದಾಟಿ ನಡೆದುಬಿಟ್ಟಳು.

"ನೀವು ನೀವು ವಿಚಾರ ಮಾಡ್ಕೊಳ್ಳಿ. ನಾನು ಇನ್ನೊಂದು ಸಲ ಬರ್ತೀನಿ," ಎಂದು ಆಟಿಕೆ ಅಂಗಡಿಯವಳೂ ಚಪ್ಪಲಿ ಮೆಟ್ಟಿದಳು.

ಗೊಂಬೆ ಅಕ್ಕ ಒಬ್ಬಳೇ ಉಳಿದಳು. ಈ ಪಾಪದ ಮೀಸೆಯನ್ನು ಬೆಂಕಿಗೆ ಹಾಕುತ್ತೇನೆ ಎಂದು ಬಾಟಲಿಯ ಮುಚ್ಚಳ ತಿರುಗಿಸಿ ಅಂಗೈಗೆ ಸುರಿದುಕೊಂಡಳು. ಸುರಿದುಕೊಂಡವಳು ಹಾಗೇ ನಿಂತಳು.

ಅಂಗೈಯಲ್ಲಿದ್ದದ್ದು ಬೆರಳುದ್ದದ ಮೀಸೆಗಳು. ಬಿಳಿಯವು, ಕರಿಯವು, ಬುಡ ಕಪ್ಪಾಗಿ ತುದಿ ಬೆಳ್ಳಗಿದ್ದವು. ಪ್ರತಿಯೊಂದರ ಬುಡದಲ್ಲೂ ತಾನಾಗಿ ಉದುರಿದ ಮೀಸೆಗಿರುವ ದುಂಡನೆಯ ಗಂಟು ಹಾಗೇ ಇತ್ತು. ಒಂದಕ್ಕೂ ಕತ್ತರಿ ತಾಗಿರಲಿಲ್ಲ. ಹಾಲುಮರಿಯ ಮೀಸೆ ಜೇಡನ ಎಳೆಯಷ್ಟು ತೆಳ್ಳಗಿರುತ್ತದೆ, ಉಗುರಿನಷ್ಟು ಉದ್ದವೂ ಇರುವುದಿಲ್ಲ. ಬದುಕಿಡೀ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸಿದವಳಿಗೆ ಗಾಜಿನ ಹೊರಗಿನಿಂದಲೇ ಇದು ಗೊತ್ತಾಗಬೇಕಿತ್ತು. ಬಿಚ್ಚಿ ನೋಡಿ ಎಂದು ಬಾಯಿ ಬಿಟ್ಟು ಹೇಳಿದ್ದಳು ಪುಟ್ಟಿ.

ಬುಟ್ಟಿಯಲ್ಲಿ ಸದ್ದಾಯಿತು. ಕಾಡಿಗೆ ಒಂದು ಮರಿಯನ್ನು ಮುಂಗಾಲಿನಿಂದ ಅದುಮಿ ಹಿಡಿದು ಮುಖ ನೆಕ್ಕುತ್ತಿತ್ತು. ನೆಕ್ಕುತ್ತಾ ನೆಕ್ಕುತ್ತಾ ಕತ್ತು ಓರೆ ಮಾಡಿ, ದವಡೆ ಹಲ್ಲಿನಲ್ಲಿ ಮರಿಯ ಕೆನ್ನೆಯ ಕೂಳೆಯನ್ನು ಕಚಕ್ಕೆಂದು ಕಡಿಯಿತು. ಕಡಿದು ಮತ್ತೆ ಮುದ್ದಿನಿಂದ ನೆಕ್ಕಿತು. ಹೆದರಿದ ತಾಯಿಬೆಕ್ಕುಗಳು ಹೀಗೆ ಮಾಡುವುದುಂಟು ಎಂದು ಅವಳು ಎಂದೋ ಕೇಳಿದ್ದಳು. ಸಿಟ್ಟು ಬಂದಾಗ ಅದು ನೆನಪಿಗೆ ಬರಲಿಲ್ಲ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಅಳು ಬರಲಿಲ್ಲ. ಅತ್ತಿದ್ದರೆ ಹಗುರವಾಗುತ್ತಿತ್ತೇನೋ. ಬಾಯಿಗೆ ಬಂದ ಆ ಎರಡು ಮಾತು, ಬಿಟ್ಟಿ ಅನ್ನ, ಗೋಡೆಗೆ ಹೊಡೆದ ಮೊಳೆಯ ಹಾಗೆ ಕೋಣೆಯಲ್ಲೇ ಉಳಿದಿತ್ತು. ಇಸ್ತ್ರಿಯವನು ಕೇಳಿಸಿಕೊಂಡಿದ್ದ. ಇಷ್ಟು ಹೊತ್ತಿಗೆ ಬೀದಿಯೂ ಕೇಳಿಸಿಕೊಂಡಿರುತ್ತದೆ.

ಗಂಡ ಡಿಪೋದಿಂದ ಬಂದ. ಅವನಿಗೆ ಬೀದಿಯಲ್ಲೇ ಸುದ್ದಿ ಸಿಕ್ಕಿತ್ತು.

"ಬಿಟ್ಟಿ ಅನ್ನ ಅಂದ್ಯಾ?"

"ಅಂದೆ."

"ನನ್ನ ತಂಗಿಗೆ?"

ಅವಳು ತಲೆ ಎತ್ತಲಿಲ್ಲ. "ಮೀಸೆ ಅವಳು ಕತ್ತರಿಸಿಲ್ಲ ರೀ. ಕಾಡಿಗೆ ಕಡಿದದ್ದು. ನಾನು ನೋಡದೇ..."

"ಕತ್ತರಿಸಿದ್ರೆ ಅನ್ನಬಹುದಿತ್ತಾ?" ಎಂದ ಅವನು. ಬೂಟು ಬಿಚ್ಚಿ ಮೂಲೆಗೆ ಇಟ್ಟ. "ಪ್ರಾಣಿ ಡಾಕ್ಟರ ಆಸ್ಪತ್ರೇಲಿದಾಳಂತೆ. ನಾನು ಹೋಗಿ ಕರ್ಕೊಂಡು ಬರಲ್ಲ. ಬಾಯಿ ನಿಂದು, ಕಾಲೂ ನಿಂದೇ ಆಗ್ಲಿ."

ಮರುದಿನ ಬೆಳಗ್ಗೆ ಅವಳು ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ನಾಯಿ, ಬೆಕ್ಕು, ಮೊಲ ಹಿಡಿದುಕೊಂಡ ಜನ ಒತ್ತಿ ಕೂತಿದ್ದರು. ಒಳಗಿನ ಸಾಲು ಬೋನುಗಳ ಮುಂದೆ ಪುಟ್ಟಿ ಮೊಣಕಾಲೂರಿ ಕಸ ಗುಡಿಸುತ್ತಿದ್ದಳು. ಡಾಕ್ಟರಮ್ಮ ಗೊಂಬೆ ಅಕ್ಕನನ್ನು ನೋಡಿ, "ನಿಮ್ಮ ನಾದಿನಿ ಈ ವಾರವೆಲ್ಲ ಮಧ್ಯಾಹ್ನ ಬಂದು ಬೋನು ತೊಳೆದುಕೊಟ್ರು. ಕೇಳಿದ್ದು ಉದುರಿದ ಮೀಸೆ ಮಾತ್ರ. ನನಗಂತೂ ನಗು ಬಂತು, ಕಸ ಕೇಳಿ ಕೆಲಸ ಮಾಡೋರನ್ನ ನಾನು ನೋಡಿರಲಿಲ್ಲ," ಎಂದರು. ಅವರಿಗೆ ನಡೆದದ್ದು ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಡಿದ ಒಳ್ಳೆಯ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು.

"ಪುಟ್ಟಿ, ಸ್ವಲ್ಪ ಆ ಕಡೆ ಬಾ," ಎಂದಳು ಗೊಂಬೆ ಅಕ್ಕ ಮೆಲ್ಲಗೆ.

ಪುಟ್ಟಿ ಏಳಲಿಲ್ಲ. "ಅಲ್ಲಿ ಎಲ್ಲರ ಎದುರಿಗೆ ಅಂದ್ರಿ. ಇಲ್ಲಿ ಮೂಲೆ ಯಾಕೆ?"

ಬೆಂಚಿನ ಮೇಲಿನ ತಲೆಗಳು ತಿರುಗಿದವು. ಗೊಂಬೆ ಅಕ್ಕನಿಗೆ ಅಭ್ಯಾಸದ ಸಿಟ್ಟು ಬಂತು. ಬಂದದ್ದು ಹಾಗೇ ಇಳಿಯಿತು.

"ಸರಿ, ಎಲ್ಲರೂ ಕೇಳ್ಕೊಳ್ಳಿ," ಎಂದಳು. ಜೋರಾಗಿ ಮಾತಾಡಿಯೇ ಅಭ್ಯಾಸವಾದ ಗಂಟಲು, ದನಿ ಬೋನಿನ ಕಂಬಿಗೆ ಬಡಿಯಿತು. "ಇವಳು ತಪ್ಪು ಮಾಡಿರಲಿಲ್ಲ. ನೋಡದೇ ಬೈದೆ. ಹೊರಗಿನವರ ಎದುರಿಗೆ ಬೈದೆ. ಬಿಟ್ಟಿ ಅನ್ನ ಅಂದೆ. ನಮ್ಮ ಮನೇಲಿ ಬಿಟ್ಟಿ ತಿನ್ನೋರು ಯಾರಾದ್ರೂ ಇದ್ರೆ ಅದು ಬೆಕ್ಕುಗಳು, ಆಮೇಲೆ ನಾನು. ತಪ್ಪಾಯ್ತು."

ಒಂದು ನಾಯಿ ಬೊಗಳಿತು. ಅದರ ಯಜಮಾನ ಅದರ ಬಾಯಿ ಮುಚ್ಚಿದ. ಅವನಿಗೆ ಮುಂದಿನದನ್ನು ಕೇಳಬೇಕಿತ್ತು.

"ನಾನೇ ಅಂತ ನಿಮಗೆ ಯಾಕನ್ನಿಸ್ತು?" ಎಂದು ಪುಟ್ಟಿ ಕೇಳಿದಳು. "ಯಾವತ್ತಾದ್ರೂ ಬೆಕ್ಕಿಗೆ ನೋವು ಮಾಡಿದ್ದು ನೋಡಿದ್ರಾ?"

"ಇಲ್ಲ."

"ಮತ್ತೆ?"

ಸುಳ್ಳು ಹೇಳಬಹುದಿತ್ತು. ಆಟಿಕೆ ಅಂಗಡಿಯವಳ ಮೇಲೆ ಹಾಕಬಹುದಿತ್ತು. "ಹಿಂದಿನ ದಿನಾನೋ ಅದರ ಹಿಂದಿನ ದಿನಾನೋ ನಾನೇ ಕತ್ತರಿ ಹಿಡಿದಿದ್ದೆ. ಸೀಮೆಸುಣ್ಣದ ಮುಖದ ತನಕ ಹೋಗಿದ್ದೆ. ಕತ್ತರಿಸಲಿಲ್ಲ. ಆದ್ರೆ ಯೋಚನೆ ನಂದೇ. ಅದನ್ನೇ ತಂದು ನಿನ್ನ ಮೇಲೆ ಹಾಕಿದೆ." ಈ ಸಲ ದನಿ ತಾನಾಗಿಯೇ ಸಣ್ಣದಾಗಿತ್ತು.

ಪುಟ್ಟಿ ಪೊರಕೆಯ ಹಿಡಿಯನ್ನು ಬೆರಳಿನಿಂದ ಉಜ್ಜುತ್ತಾ ಕೂತಳು. "ಕತ್ತರಿ ಹಿಡಿದು ಬಿಟ್ರಲ್ಲ, ಅದಕ್ಕೆ ನನಗೇನೂ ಇಲ್ಲ ಅತ್ತಿಗೆ. ಅನ್ನದ ಮಾತು ಬೇರೆ."

"ಬಾಯಿ ತಪ್ಪಿ ಬಂತು ಪುಟ್ಟಿ."

"ಬಾಯಿ ತಪ್ಪಿದ್ರೆ ಬೇರೆ ಏನಾದ್ರೂ ಬರ್ತಿತ್ತು. ಅದು ಒಳಗೆ ಇತ್ತು, ಬಂತು."

ಗೊಂಬೆ ಅಕ್ಕ ತನ್ನನ್ನೇ ಕೇಳಿಕೊಂಡಳು. ಇತ್ತೇ? ಊಟಕ್ಕೆ ಕೂತಾಗ ಎಂದಾದರೂ ಪುಟ್ಟಿಯ ತಟ್ಟೆಯ ಕಡೆ ಕಣ್ಣು ಹೋಗಿತ್ತೇ? ಹೋಗಿತ್ತು ಎಂದು ಅವಳಿಗೆ ಗೊತ್ತಿತ್ತು. ಅವಳ ಮುಖ ಅದನ್ನು ಹೇಳಿತು. ಪುಟ್ಟಿ ಅದನ್ನು ಓದಿದಳು.

"ಮನೆಗೆ ಬಾ," ಎಂದಳು ಗೊಂಬೆ ಅಕ್ಕ.

"ಡಾಕ್ಟರಮ್ಮ ಹಿಂದಿನ ಕೋಣೆ ಕೊಟ್ಟಿದಾರೆ. ಕೆಲಸಾನೂ ಕೊಟ್ಟಿದಾರೆ. ಬೆಳಗ್ಗೆ ಬಂದು ಬೆಕ್ಕುಗಳನ್ನ ನೋಡಿ ಹೋಗ್ತೀನಿ. ಕಾಡಿಗೆ ಹೆದರಿದೆ, ಬುಟ್ಟೀನ ಕತ್ತಲಿರೋ ಕಡೆ ಇಡಿ, ಜನ ಬಗ್ಗಿ ನೋಡೋದು ಬೇಡ."

"ಊಟಕ್ಕೆ?"

"ಊಟ ಇಲ್ಲೇ ಮಾಡ್ಕೋತೀನಿ."

ಹೇಳಬೇಕಾದದ್ದು ಮುಗಿದಿತ್ತು. ಹೋಗಬಹುದಿತ್ತು. ಹೋಗಲಿಲ್ಲ. ಬೆಂಚಿನವರೆಲ್ಲ ನೋಡುತ್ತಿದ್ದ ಹಾಗೆಯೇ ನಿಂತಳು. ಒಬ್ಬ ಮುದುಕಿ ನಿಟ್ಟುಸಿರು ಬಿಟ್ಟು ಮೊಲದ ಕಿವಿ ನೀವಿದಳು.

"ನಿಂತೇ ಇರೋದಾದ್ರೆ ಆ ಕೊನೇ ಬೋನು ಒರೆಸಿ," ಎಂದು ಪುಟ್ಟಿ ಒದ್ದೆ ಬಟ್ಟೆಯನ್ನು ಅವಳತ್ತ ಚಾಚಿದಳು. "ಮೂಲೇಲಿ ಬಿಟ್ಟುಬಿಡಬೇಡಿ, ಅಲ್ಲೇ ವಾಸನೆ ಕೂರೋದು."

ಸೂಜಿ ಬಿಟ್ಟು ಬೇರೇನೂ ಹಿಡಿಯದ ಕೈ ಆ ಬಟ್ಟೆಯನ್ನು ಹಿಡಿಯಿತು. ಗೊಂಬೆ ಅಕ್ಕ ಮೊಣಕಾಲೂರಿ, ತಲೆಯನ್ನು ಬೋನಿನೊಳಗೆ ತೂರಿಸಿ ಒರೆಸತೊಡಗಿದಳು. ಉಚ್ಚೆಯ ಘಾಟು ಕಣ್ಣಿಗೆ ಹೊಡೆಯಿತು. ಈ ಘಾಟಿನಲ್ಲಿ ಪುಟ್ಟಿ ದಿನಾ ಕೂತು ಎದ್ದು ಬರುತ್ತಿದ್ದಳು. ಅವಳು ಕೊಟ್ಟ ಚಹಾವನ್ನು ತಾನು ತಣ್ಣಗಿದೆ ಎಂದಿದ್ದಳು.

ಹೊರಗೆ ಯಾರೋ ಗಿಳಿಯ ಪಂಜರ ಹಿಡಿದು ಹೊಸದಾಗಿ ಬಂದರು. ಬೋನಿನಿಂದ ಹೊರಗುಳಿದ ಸೀರೆ, ಪಾದಗಳನ್ನು ನೋಡಿ, "ಹೊಸಬರಾ? ಯಾರು ಇವರು?" ಎಂದು ಕೇಳಿದರು.

ಬೋನಿನೊಳಗೆ ಗೊಂಬೆ ಅಕ್ಕನ ಕೈ ನಿಂತಿತು.

"ನಮ್ಮಣ್ಣನ ಹೆಂಡತಿ," ಎಂದಳು ಪುಟ್ಟಿ.

ಎದುರಿಗೆ ಅತ್ತಿಗೆ ಎಂದೇ ಕರೆದಿದ್ದಳು. ಹೊರಗಿನವರಿಗೆ ಹಾಗೆ ಹೇಳಲಿಲ್ಲ. ಗೊಂಬೆ ಅಕ್ಕ ಬಟ್ಟೆಯನ್ನು ಮಡಚಿ ಗಲೀಜಾಗದ ಬದಿಯನ್ನು ಹೊರಗೆ ಮಾಡಿ, ಮೂಲೆಯನ್ನು ಇನ್ನೊಮ್ಮೆ ಉಜ್ಜಿದಳು.