ಎಡಕ್ಕೆ ಸರಿದ ಸುತ್ತು

ಗಾಣದ ಎತ್ತಿಗಾದ್ರೂ ತಾನು ಸುತ್ತೋ ಜಾಗ ಗೊತ್ತಿರುತ್ತೆ, ನಮ್ಮ ಕಲಾವಿದರಿಗೆ ಅದೂ ಇಲ್ಲ ನೋಡಿ, ಅಂದಳು ಅಕ್ಕ, ರಿಂಕಿನ ನಡುವೆ ನಿಂತು, ತಮ್ಮನ ಸ್ಕೇಟಿನ ಬ್ಲೇಡು ಈಗಷ್ಟೇ ಮಂಜುಗಡ್ಡೆಯಲ್ಲಿ ಕೊರೆದುಹೋದ ಗೀರುಗಳಿಗೆ ಬೆರಳು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ, ಮತ್ತು ಎಲ್ಲರೂ ನಕ್ಕರು, ಅಡ್ಡಗೋಡೆಗೆ ಒರಗಿದ್ದ ಏಳು ಜನ ಸ್ಕೇಟರುಗಳು ನಕ್ಕರು, ಮೇಷ್ಟ್ರು ನಕ್ಕರು, ಆಯ್ಕೆಗೆ ಬಂದು ಮೇಲಿನ ಸಾಲಿನಲ್ಲಿ ಕೂತಿದ್ದ ತಂಡದವರಿಬ್ಬರು, ಕೆಂಪು ಮಫ್ಲರಿನ ಗಂಡಸು, ನೋಟುಪುಸ್ತಕದ ಹೆಂಗಸು, ಅವರೂ ನಕ್ಕರು, ನಗು ತಗಡಿನ ಚಾವಣಿಗೆ ಹೊಡೆದು ಹಿಂದಕ್ಕೆ ಬಂತು, ಅವನ ಕಣ್ಣಲ್ಲಿ ಕಟ್ಟಡ ಇನ್ನೂ ತಿರುಗುತ್ತಿತ್ತು, ದೀಪಗಳು ಗೆರೆಗೆರೆಯಾಗಿ, ಕಿವಿಯೊಳಗೆ ಬೆವರು ತಣ್ಣಗೆ ಇಳಿಯುತ್ತಾ, ಅವನೂ ನಕ್ಕ, ನಗದಿದ್ದರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ, ನಗು ಮಗನೇ, ಹಲ್ಲು ತೋರಿಸು, ಇದು ಅವಳ ದಿನದ ಬೈಗುಳ ಅಷ್ಟೆ, ಬೆಳಗಾದರೆ ಅವಳ ಬಾಯಲ್ಲಿ ಅವನು ಒಂದೋ ಕಂಬ ಇಲ್ಲ ಬುಗುರಿ ಇಲ್ಲ ಎತ್ತು, ಮೇಷ್ಟ್ರ ಸಹಾಯಕಿಯಾದ ಮೇಲೆ ಅವಳ ಕೆಲಸವೇ ಅದು, ಬೇರೆಯವರು ಪೇಪರು ಓದಿದ ಹಾಗೆ ಅವಳು ಐಸು ಓದುತ್ತಾಳೆ, ಇರುವ ಒಂದೇ ಕಣ್ಣಲ್ಲಿ, ಎಡಗಣ್ಣಿನ ಜಾಗದಲ್ಲಿ ಇರುವುದು ಗಾಜು, ಅದು ಯಾವಾಗಲೂ ಒಂದು ಚಣ ತಡವಾಗಿ ತಿರುಗುತ್ತದೆ — ಈಗ ಅವಳು ಬಗ್ಗುತ್ತಿದ್ದಾಳೆ, ಬೈದಾಯಿತಲ್ಲ, ಇನ್ನೇನು ಬೇಕು, ಏಳೇ, ಓದಬೇಡ, ಏಳು.

ಎಲ್ಲಾ ಮುಗಿದೇ ಹೋಗಿತ್ತು, ಊರೂರು ತಿರುಗುವ ತಂಡದಲ್ಲಿ ಒಂದೇ ಒಂದು ಜಾಗ, ಒಂಟಿಯಾಗಿ ಆಡುವವನ ಜಾಗ, ಅದಕ್ಕಾಗಿ ನಾಲ್ಕು ನಿಮಿಷ ಆಡಿ ತೋರಿಸಿದ್ದ, ನಿಂತು ಸುತ್ತಿದ್ದು ಗೂಟ ಹೊಡೆದ ಹಾಗೆ, ಕುಕ್ಕರಗಾಲಲ್ಲಿ ಸುತ್ತಿದ್ದೂ ಗೂಟ ಹೊಡೆದ ಹಾಗೆ, ಆಮೇಲೆ ಅವನ ಕೈ ಮುಖಕ್ಕೆ ಹೋದಾಗ ನೋಟುಪುಸ್ತಕದವಳು ಪೆನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಿದ್ದಳು, ಅವನು ಕಂಡಿದ್ದ, ಸುತ್ತುವಾಗ ಏನೂ ಕಾಣುವುದಿಲ್ಲ ಅನ್ನುತ್ತಾರೆ, ಕೊನೆಗೆ ನಿಧಾನವಾಗುವಾಗ ಕಾಣುತ್ತದೆ, ಅಷ್ಟಕ್ಕೇ ಕೈಕುಲುಕಿ ಕಳಿಸಬೇಕಿತ್ತು, ಆ ಮಫ್ಲರಿನವನ ನಾಲಿಗೆಗೆ ತುರಿಕೆ, ಒಂದು ಒಂಟೆ ತೋರಿಸಿಬಿಡಿ, ಕೊನೇ ದೃಶ್ಯಕ್ಕೆ ನಮಗೆ ಅದು ಬೇಕೇ ಬೇಕು ಅಂದ. ಒಂಟೆ ಅಂದರೆ ಎಡಗಾಲ ಮೇಲೆ ನಿಂತು, ಮೈಯನ್ನು ಮೇಜಿನ ಹಾಗೆ ಅಡ್ಡಕ್ಕೆ ಬಾಗಿಸಿ, ಬಲಗಾಲನ್ನು ಹಿಂದಕ್ಕೆ ಸೊಂಟದ ಎತ್ತರಕ್ಕೆ ಚಾಚಿ ಗಿರ್ರನೆ ಸುತ್ತುವುದು, ಚಾಚಿದ ಕಾಲಿನ ಬ್ಲೇಡು ಗಾಳಿಯಲ್ಲಿ ಕುಡುಗೋಲಿನ ಹಾಗೆ ಬರುತ್ತಿರುತ್ತದೆ, ಮೂರು ವರ್ಷದಿಂದ ಅವನು ಅದನ್ನು ಮುಟ್ಟಿರಲಿಲ್ಲ, ಯಾರೂ ಮುಟ್ಟು ಅಂದಿರಲಿಲ್ಲ, ಪಾಪ, ಅಕ್ಕನಿಗಾದದ್ದನ್ನು ಕಣ್ಣಾರೆ ಕಂಡವನು, ಒಂಟೆ ಅಂದರೆ ನಡುಗುತ್ತಾನೆ, ಅಂತ ಮೇಷ್ಟ್ರೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು, ಪಾಪ ಅನ್ನಿಸಿಕೊಳ್ಳುವುದು ಬಹಳ ಸುಲಭದ ಕೆಲಸ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಇವತ್ತು ಇಲ್ಲ ಅನ್ನಬಹುದಿತ್ತು, ಅನ್ನಲಿಲ್ಲ, ಒಂದೇ ಜಾಗ, ಬಾಗಿದ, ಕಾಲು ಚಾಚಿದ, ಒಂದು, ಎರಡು, ಮೂರನೆಯದಕ್ಕೆ ಕೆನ್ನೆಯ ಮೇಲಿನ ಗಾಳಿ ಬದಲಾಯಿತು, ಬ್ಲೇಡಿನ ಮುಂದಿನ ಹಲ್ಲು ಕರಕರ ಅಂತು, ಥೂ, ಅದೇ ಜಾಗದಲ್ಲಿ, ಅದೇ ಮೂರನೆಯದರಲ್ಲಿ.

ಸರಿಯಾಗಿ ಸುತ್ತಿದರೆ ಸುತ್ತಿನ ಮೇಲೆ ಸುತ್ತು ಕೂತು ಐಸಿನ ಮೇಲೆ ಒಂದೇ ಒಂದು ಬಳೆ ಬೀಳುತ್ತದೆ, ಸರಿದರೆ ಸ್ಪ್ರಿಂಗನ್ನು ಎಳೆದು ಮಲಗಿಸಿದ ಹಾಗೆ ಬಳೆಗಳ ಸಾಲು, ಅದನ್ನೇ ಅವಳೀಗ ಮಂಡಿಯೂರಿ ನೋಡುತ್ತಿರುವುದು, ಬಲಗೈಯ ಗವಸು ಕಳಚಿ, ಬರಿಯ ಅಂಗೈ ಐಸಿಗಿಟ್ಟು, ಒಂದು ಬಳೆಯಿಂದ ಇನ್ನೊಂದಕ್ಕೆ ಅಳೆಯುತ್ತಾ, ಬಾಯಲ್ಲಿ ಎಣಿಸುತ್ತಾ. ಇಬ್ಬರೂ ಜೋಡಿಯಾಗಿ ಆಡುತ್ತಿದ್ದಾಗ ಅವಳ ಒಂಟೆಯೂ ಸರಿಯುತ್ತಿತ್ತು, ಅದು ಊರಿಗೆಲ್ಲ ಗೊತ್ತು, ಹತ್ತರಲ್ಲಿ ಎರಡು ಸಲ, ಅದಕ್ಕೇ ಜೋಡಿಯವರಲ್ಲಿ ಒಂದು ಕಟ್ಟಳೆ, ಪಕ್ಕಪಕ್ಕ ಸುತ್ತುವ ಇಬ್ಬರಲ್ಲಿ ಯಾರಿಗೆ ತಾನು ಸರಿಯುತ್ತಿದ್ದೇನೆ ಅನ್ನಿಸಿತೋ ಅವರು ಇಳಿ ಅಂತ ಕೂಗಬೇಕು, ಕೂಗಿದ ತಕ್ಷಣ ಇಬ್ಬರೂ ಕಾಲಿಳಿಸಿಬಿಡಬೇಕು, ಪಕ್ಕದವರು ಎಲ್ಲಿದ್ದಾರೆ ಅಂತ ಸುತ್ತುವಾಗ ಕಾಣುವುದಿಲ್ಲ, ತಾನು ಎಲ್ಲಿದ್ದೇನೆ ಅಂತ ಮಾತ್ರ ಅಂಗಾಲಿಗೆ ತಿಳಿಯುತ್ತದೆ, ಆ ಒಂದು ಕೂಗಿನ ಮೇಲೆ ಜೋಡಿಯ ಜೀವ ನಿಂತಿರುತ್ತದೆ, ಮತ್ತು ಕೂಗಿದವರು ಇಬ್ಬರ ಚೀಲವನ್ನೂ ಹೊತ್ತು ಮನೆಗೆ ಹೋಗಬೇಕು, ಅದು ಅಕ್ಕನೇ ಸೇರಿಸಿದ ಬಾಲಂಗೋಚಿ, ತಮಾಷೆಗೆ. ಅವಳ ಕಣ್ಣು ಹೋದ ವಾರ ಅವನು ಆರು ಸಲ ಕೂಗಿದ್ದ, ಅವಳು ಒಂದೂ ಇಲ್ಲ, ಆರು ದಿನ ಎರಡು ಹೆಗಲಿಗೆ ಎರಡು ಚೀಲ, ಮುಂದೆ ಅವಳು ಕೈಬೀಸಿಕೊಂಡು, ಹಿಂದಿನಿಂದ ಹುಡುಗರು ಇಳಿಯಪ್ಪಾ ಇಳಿಯಪ್ಪಾ ಅಂತ, ಹೆಸರಿಟ್ಟವಳೂ ಅವಳೇ, ನಮ್ಮ ಇಳಿಯಪ್ಪನಿಗೆ ಜಾಗ ಬಿಡ್ರೋ, ಹೊರೆ ಹೊತ್ತಿದ್ದಾನೆ. ಎಂಟನೇ ಕ್ಲಾಸಿನ ಬೆಂಚಿನಿಂದ ಅವನನ್ನು ಎಬ್ಬಿಸಿಕೊಂಡು ಬಂದದ್ದೂ ಅವಳಿಗಾಗಿಯೇ, ಹುಡುಗಿಗೆ ಜೋಡಿ ಬೇಕಿತ್ತು, ಜೋಡಿ ಅಂದರೆ ಎತ್ತುವುದಕ್ಕೆ, ಹಿಡಿಯುವುದಕ್ಕೆ, ಪಕ್ಕದಲ್ಲಿ ನಿಲ್ಲುವುದಕ್ಕೆ, ಚಪ್ಪಾಳೆ ಅವಳಿಗೆ, ಬಳ್ಳಿಯನ್ನು ನೋಡುವವರು ಕಂಬವನ್ನು ನೋಡುತ್ತಾರೆಯೇ, ಓದಿದ್ದರೆ ಏನಾಗುತ್ತಿದ್ದನೋ, ಏನೂ ಆಗುತ್ತಿರಲಿಲ್ಲ, ಆದರೂ ಅದನ್ನು ಅವನೇ ನೋಡಿಕೊಳ್ಳುತ್ತಿದ್ದ. ಏಳನೆಯ ದಿನ, ಮೂರನೆಯ ಸುತ್ತಿಗೆ ಅಂಗಾಲು ಹೇಳಿತು, ಸರಿಯುತ್ತಿದ್ದೀಯ, ಎಡಕ್ಕೆ, ಅವಳ ಕಡೆಗೆ, ಬಾಯಿ ತೆರೆದಿದ್ದ, ಇ ಅನ್ನುವಷ್ಟು ತೆರೆದಿದ್ದ, ಇವತ್ತು ಚೀಲ ಹೊರಲಾರೆ ಅಂದುಕೊಂಡ, ಇನ್ನೆರಡು ಸುತ್ತು, ಸರಿಮಾಡಿಕೊಳ್ಳುತ್ತೇನೆ ಅಂದುಕೊಂಡ, ಅಷ್ಟೇ, ಕೊಲ್ಲಬೇಕು ಅಂತ ಏನೂ ಅಲ್ಲ, ಚೀಲ ಹೊರಲಾರೆ ಅಂತ. ಹಿಮ್ಮಡಿಯಲ್ಲಿ ಏನೋ ಮೆತ್ತಗೆ ತಗುಲಿದ ಹಾಗಾಯಿತು, ಹಣ್ಣಿಗೆ ಚಾಕು ತಗುಲಿದ ಹಾಗೆ, ಅದೂ ಸರಿಯಲ್ಲ, ಹಣ್ಣು ಇನ್ನೂ ಗಟ್ಟಿ.

ಅವಳು ಬಿದ್ದಿರಲಿಲ್ಲ, ನಿಂತೇ ಇದ್ದಳು, ಮುಖದ ಎಡಗಡೆಗೆ ಅಂಗೈ ಒತ್ತಿಕೊಂಡು, ಕೂಗಲಿಲ್ಲ, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಬಾಗಿಲು ತೆರೆದು ಹೊರಗೆ ಬೆಳಕಿದೆಯಾ ಅಂತ ನೋಡುವವರ ಹಾಗೆ, ಕಾಣುತ್ತದೆಯಾ ಅಂತ, ಬೆರಳ ಸಂದಿಯಿಂದ ಕೆಂಪು ಇಳಿದು ಮುಂಗೈಗೆ ಬಂತು. ಮೇಷ್ಟ್ರು ಅವತ್ತು ಇನ್ನೂ ಬಂದಿರಲಿಲ್ಲ, ಬೆಳಗಿನ ಹೊತ್ತು, ಐಸು ಕೆರೆದು ಬಿಸಿನೀರು ಹಾಯಿಸುವ ಯಂತ್ರದ ಮೇಲೆ ಅಪ್ಪ, ಮೂವತ್ತು ವರ್ಷದಿಂದ ಅದನ್ನೇ ಓಡಿಸುವ ಅಪ್ಪ, ಇಬ್ಬರೂ ಸೇರಿ ಅವಳನ್ನು ಆಂಬುಲೆನ್ಸಿಗೆ ಹತ್ತಿಸಿದರು, ಹಿಂದಿರುಗಿ ಬಂದು ಅವನು ಅಂದ, ಅಪ್ಪಾ, ರಕ್ತ, ಒರೆಸಿಬಿಡು. ಅಪ್ಪ ಯಂತ್ರವನ್ನು ನಡುವಿನ ತನಕ ತಂದು ನಿಲ್ಲಿಸಿದ, ರಕ್ತವನ್ನು ನೋಡಲಿಲ್ಲ, ಬಳೆಗಳ ಸಾಲನ್ನು ನೋಡಿದ, ಅವಳದ್ದು ಒಂದೇ ಬಳೆ ಅಲ್ಲಿ, ಅವತ್ತು ಅವಳು ಗೂಟ ಹೊಡೆದ ಹಾಗೆ ಸುತ್ತಿದ್ದಳು, ಸಾಲು ಇವನದು, ಒಂಬತ್ತು, ಅವಳ ಬಳೆಯ ತನಕ. ಅಪ್ಪ ಇವನ ಮುಖ ನೋಡಿದ, ಆಮೇಲೆ ಗೇರು ಹಾಕಿದ, ಯಂತ್ರ ಹೋದ ದಾರಿಯಲ್ಲಿ ಐಸು ಹೊಸ ಕನ್ನಡಿಯ ಹಾಗೆ ಹೊಗೆಯಾಡಿತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಂದದ್ದು ಒಂದೇ ಮಾತು, ಒಬ್ಬಳದ್ದಂತೂ ಹೋಯ್ತು, ನಿಂದಾದ್ರೂ ಉಳೀಲಿ. ಮೇಷ್ಟ್ರು ಬಂದು ಯಾರು ಸರಿದದ್ದು ಅಂತ ಕೇಳಿದಾಗ ಅವನು ಅಂದ, ಅವಳು ಬಂದ್ಬಿಟ್ಲು ಸಾರ್, ಮೇಷ್ಟ್ರು ತಲೆಯಾಡಿಸಿದರು, ಹೇಳ್ತಾನೇ ಇದ್ದೆ ಅವಳಿಗೆ ಅಂದರು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಎಷ್ಟು ಸಲೀಸು. ಆಸ್ಪತ್ರೆಯಲ್ಲಿ ಅರ್ಧ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಅವಳು ಇವನ ಕೈ ಹಿಡಿದಳು, ನನ್ನಿಂದ ನಿನ್ನ ಜೋಡಿ ಹಾಳಾಯ್ತಲ್ಲೋ, ಬೇಜಾರು ಮಾಡ್ಕೋಬೇಡ ಅಂದಳು, ಹೋಗ್ಲಿ ಬಿಡೇ ಅಕ್ಕ ಅಂದ, ಅಂದುಬಿಟ್ಟ, ಅವಳನ್ನು ಕ್ಷಮಿಸಿದ.

ಒಂಟಿಯಾಗಿ ಆಡಿದ ಮೊದಲ ವರ್ಷ ಅವನು ಬುಗುರಿಯೇ, ತಪ್ಪಿಲ್ಲ, ತಾಳ ತಪ್ಪುತ್ತಿರಲಿಲ್ಲ, ಜನ ಕೆಮ್ಮುತ್ತಿದ್ದರು, ಎದ್ದುಹೋಗುತ್ತಿದ್ದರು, ನಿನ್ನ ಮುಖ ಮುಚ್ಚಿದ ಅಂಗಡಿ ಕಣಯ್ಯ ಅನ್ನುತ್ತಿದ್ದರು ಮೇಷ್ಟ್ರು, ಒಳಗೆ ಏನಾದ್ರೂ ಇದ್ರೆ ಹೊರಗಿಡು. ಒಂದು ದಿನ ನಿಂತ ಸುತ್ತಿನ ನಡುವೆ ಕೈ ತಾನಾಗಿ ಮೇಲೆದ್ದಿತು, ಅಂಗೈ ಮುಖದ ಎಡಕ್ಕೆ ಒತ್ತಿಕೊಂಡಿತು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ನಿಂತಾಗ ಮೇಷ್ಟ್ರು ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿ, ಇದು, ಇದು ಬೇಕಿತ್ತು ನನಗೆ ಅಂದರು. ಅಕ್ಕ ಅಡ್ಡಗೋಡೆಯಾಚೆ ನಿಂತಿದ್ದಳು, ಅವಳಿಗೆ ನೆನಪಿರಲಿಲ್ಲ, ತನ್ನ ಕೈಯನ್ನು ತಾನು ನೋಡಿಕೊಂಡವರು ಯಾರಿದ್ದಾರೆ, ಎಲ್ಲಿಂದ ಬಂತೋ ನಿಂಗಿದು ಅಂದಳು, ಸುಮ್ನೆ ಬಂತು ಅಂದ, ಅವಳು ಹತ್ತಿರ ಬಂದು ಅವನ ಬೆರಳು ಹಿಡಿದು ತಿದ್ದಿದಳು, ಇನ್ನೂ ನಿಧಾನ, ಕಿರುಬೆರಳು ಬಿಟ್ಟ ಮೇಲೆ ಸ್ವಲ್ಪ ತಡಿ, ಜನ ಕಾಯ್ಲಿ. ಆಮೇಲೆ ಅವನಿಗೆ ರುಚಿ ಹತ್ತಿತು, ಕೈಹಾಕಿದ ಕಡೆಯೆಲ್ಲ ಸಿಗುತ್ತಿತ್ತು, ಅವಳು ನೀರಿನ ಲೋಟಕ್ಕೆ ಕೈ ಚಾಚಿ ಒಂದು ಬೆರಳಷ್ಟು ತಪ್ಪುತ್ತಾಳೆ, ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕಲಿತ, ಮರುವಾರ ಅದು ಅವನ ಆಟದ ಎರಡನೆಯ ನಿಮಿಷದಲ್ಲಿತ್ತು, ಚಾಚಿದ ಕೈ ಏನನ್ನೋ ತಪ್ಪಿ ಗಾಳಿ ಹಿಡಿಯುತ್ತದೆ, ಹೆಂಗಸರು ಅತ್ತರು. ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಇದೆಯೋ ಇಲ್ಲವೋ ಅಂತ ಅವಳ ಪಾದ ತಡವರಿಸುತ್ತದೆ, ಅದೂ ಬಂತು. ಒಮ್ಮೊಮ್ಮೆ ಲೋಟವನ್ನು ಅವನೇ ಒಂದಿಷ್ಟು ಆಚೆ ಸರಿಸಿ ಇಟ್ಟದ್ದುಂಟು, ಮತ್ತೊಮ್ಮೆ ನೋಡಬೇಕಿತ್ತು, ಮಣಿಕಟ್ಟು ಹೇಗೆ ಬಾಗುತ್ತದೆ ಅಂತ. ಮೂರು ವರ್ಷದಲ್ಲಿ ಬುಗುರಿ ಹೋಗಿ ಕಲಾವಿದ ಬಂದ, ಎಲ್ಲಿ ಪಳಗಿದೆ ಮಾರಾಯಾ ಅಂತ ಎಲ್ಲರೂ ಕೇಳುತ್ತಾರೆ, ಮನೆಯಲ್ಲಿ, ಊಟದ ಮೇಜಿನ ಎದುರು ಬದಿಯಲ್ಲಿ.

ಒಂಬತ್ತು, ಎಡಕ್ಕೆ, ನಾನು ನಿಲ್ತಿದ್ದ ಕಡೆಗೆ, ಅಂದಳು ಅಕ್ಕ. ಯಾರಿಗೂ ಅಲ್ಲ, ಐಸಿಗೆ. ಏಳು ಜನರಲ್ಲಿ ಒಬ್ಬಳು ಇನ್ನೂ ಹಳೆಯ ನಗುವಿನ ಬಾಲ ಹಿಡಿದುಕೊಂಡು ಕಿಸಿಯುತ್ತಿದ್ದಳು, ಅದೂ ನಿಂತಿತು, ಗೇಟಿನ ಹತ್ತಿರ ಯಂತ್ರ ಗುರುಗುಟ್ಟಿತು, ಅಪ್ಪ ಕೂತಿದ್ದಾನೆ, ಕೀಲಿ ತಿರುಗಿಸಿದ್ದಾನೆ, ಯಾರೂ ಹೇಳದೆ, ಬರುತ್ತಿದ್ದಾನೆ, ಬಾ ಅಪ್ಪಾ, ಬೇಗ ಬಾ, ಮೇಷ್ಟ್ರು ಇನ್ನೂ ಹೊತ್ತಾಗಿಲ್ಲವಲ್ಲ ಅಂತ ಕೈಗಡಿಯಾರ ನೋಡಿಕೊಂಡರು, ಅಕ್ಕ ತಲೆಯೆತ್ತದೆ ಒಂದು ಕೈ ಎತ್ತಿದಳು, ಅಪ್ಪಾ, ನಿಲ್ಲು. ಯಂತ್ರ ನಿಂತಿತು. ಅವಳು ಅಪ್ಪನನ್ನು ನೋಡಿದಳು, ಅಪ್ಪ ಸ್ಟೀರಿಂಗನ್ನು ನೋಡಿದ, ಅವತ್ತು ಅಪ್ಪ ಏನನ್ನು ಅಳಿಸಿದ್ದ ಅಂತ ತಿಳಿಯುವುದಕ್ಕೆ ಅಷ್ಟು ಸಾಕಾಯಿತು ಅವಳಿಗೆ, ಅದು ಅವನಿಗೆ ತಿಳಿಯಿತು, ಸರಿಯುವಾಗ ಅಂಗಾಲಿಗೆ ತಿಳಿದ ಹಾಗೆ. ಏನಾದರೊಂದು ಹೇಳಬಹುದು, ಇವತ್ತು ಬ್ಲೇಡು ಮೊಂಡು ಅನ್ನಬಹುದು, ಮೂರು ವರ್ಷ ಅಭ್ಯಾಸವಿಲ್ಲ ಅನ್ನಬಹುದು, ನೂರು ಮಾತಿದೆ, ನಿಜವೂ ಇದೆ, ನಿಜ ಹೇಳಿದರೆ ಅವಳು ಮೂರು ವರ್ಷದ ತಪ್ಪನ್ನು ಇಳಿಸಿಟ್ಟು ಹಗುರಾಗುತ್ತಾಳೆ, ಅವಳಿಗೆ ಬೇಕಾದದ್ದು ಅದೊಂದೇ, ಅವಳು ಹಗುರಾದರೆ ಅವನಿಗೆ ಆಡುವುದಕ್ಕೆ ಏನು ಉಳಿಯಿತು, ಅಕ್ಕ ಎದ್ದಳು, ಮಂಡಿಯ ಮೇಲೆ ಎರಡು ಒದ್ದೆ ಬಿಲ್ಲೆ, ಅವನ ಎದುರಿಗೆ ಬಂದಳು, ಬಲಗಣ್ಣು ಮೊದಲು ಬಂತು, ಗಾಜು ಆಮೇಲೆ ಬಂತು.

ಅವತ್ತು ನಿಂಗೆ ಗೊತ್ತಾಗಿತ್ತೇನೋ.

ಬೈಗುಳ ಇರಲಿಲ್ಲ ಅದರಲ್ಲಿ, ಎತ್ತೂ ಇಲ್ಲ ಕಂಬವೂ ಇಲ್ಲ, ಎಲ್ಲರೂ ಕೇಳಿಸಿಕೊಂಡರು, ಯಾರಿಗೂ ಅರ್ಥವಾಗಲಿಲ್ಲ, ಮೇಲಿನ ಸಾಲಿನಿಂದ ನೋಟುಪುಸ್ತಕದವಳು ಬಗ್ಗಿ ಕೂಗಿದಳು, ಒಂಟೆ ಬಿಡಿ, ನಮಗೆ ನೀವೇ ಬೇಕು, ಆ ಕೈ ಮಾತ್ರ ಇನ್ನೊಂದು ಸಲ ತೋರಿಸ್ತೀರಾ, ಆ ಕೈ, ಅಕ್ಕ ಕಾಯುತ್ತಿದ್ದಾಳೆ, ಇರುವ ಕಣ್ಣೂ ಇಲ್ಲದ ಕಣ್ಣೂ ಎರಡೂ ಈಗ ಅವನ ಬಾಯಿಯ ಮೇಲೆ, ಇ ಅನ್ನುವಷ್ಟು ತೆರೆದ ಬಾಯಿ, ಅವನು ಅದನ್ನು ಮುಚ್ಚಿದ, ತಿರುಗಿದ, ನಾಲ್ಕು ಜಾರು ಜಾರಿ ಗೇಟಿಗೆ, ಅಪ್ಪನ ಯಂತ್ರದ ಬಿಸಿಗಾಳಿಯನ್ನು ದಾಟಿ, ರಬ್ಬರು ಹಾಸಿನ ಮೇಲೆ, ಬ್ಲೇಡಿಗೆ ಕವಚ ಹಾಕದೆ, ಹಾಕಬೇಕು, ಅಲಗು ಹಾಳಾಗುತ್ತದೆ, ಹಾಕದೆ, ನಡೆದ, ಬಟ್ಟೆ ಬದಲಾಯಿಸುವ ಕೋಣೆಯ ಓಣಿಯಲ್ಲಿ ಬೆಳಕು ಹಳದಿ, ನಡೆಯುತ್ತಲೇ ಇದ್ದಾನೆ, ಏನೂ ಯೋಚಿಸಬಾರದು, ಒಂದು ಅಂಗೈ, ಮುಖದ ಎಡಕ್ಕೆ ಒತ್ತಿದ ಅಂಗೈ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಕಾಣುತ್ತದೆಯಾ, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಕಿರುಬೆರಳು