ಮಾರ್ಜಿನ್ ಇಲ್ಲದ ಗೆರೆ

ನೀಲಿ ಗೆರೆ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ, ಬೆಳಿಗ್ಗೆ ನರ್ಸಮ್ಮ ಪೆನ್ನಿನಲ್ಲಿ ಎಳೆದದ್ದು, ಬಲಗೈಯ ಊತದ ಕೆಂಪು ಎಲ್ಲಿ ಮುಗಿಯಿತೋ ಸರಿಯಾಗಿ ಅಲ್ಲೇ — ಸ್ವಲ್ಪ ಮಾರ್ಜಿನ್ ಬಿಡಮ್ಮ ಅಂದಿದ್ದ ಕಟಿಂಗ್ ಮಾಸ್ಟರ್, ಅವಳು ನಗಲಿಲ್ಲ, ಮೂವತ್ತು ವರ್ಷ ಅಂಗಿಬಟ್ಟೆ ಕತ್ತರಿಸಿದವನ ಜೋಕು ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ಕತ್ತರಿಯ ಹಿಡಿಕೆ ಹೆಬ್ಬೆರಳಲ್ಲಿ ಎಬ್ಬಿಸಿದ ಒಂದು ಗುಳ್ಳೆ, ಅಷ್ಟೇ, ಗುಂಡುಸೂಜಿಯಿಂದ ಚುಚ್ಚಿ ಸೀಮೆಸುಣ್ಣದ ಪುಡಿ ಒತ್ತಿದ, ಕಟಿಂಗ್ ಟೇಬಲ್ಲಿನವರೆಲ್ಲ ಮಾಡುವುದೇ ಅದು, ಅವರಿಗೆಲ್ಲ ಒಣಗುತ್ತದೆ, ಆದರೆ ಅವರ ಹೊಟ್ಟೆಯಲ್ಲಿ ತಂಗಿಯ ಕಿಡ್ನಿ ಇಲ್ಲವಲ್ಲ, ಮೈ ಅದನ್ನು ಒದ್ದು ಹೊರಹಾಕದಿರಲೆಂದು ಮೈಯ ಕಾವಲನ್ನೇ ಮಲಗಿಸುವ ಮಾತ್ರೆ ದಿನಕ್ಕೆರಡು ಹೊತ್ತು ನುಂಗುವುದಿಲ್ಲವಲ್ಲ. ಜ್ವರವಿಲ್ಲ, ಕೀವಿಲ್ಲ, ಏನೂ ಇಲ್ಲ ಬಿಡು ಎಂದು ಮೂರು ದಿನ ಕತ್ತರಿಸುತ್ತಲೇ ಇದ್ದ, ಪೆದ್ದ — ನಿಮ್ಮಂಥವರಿಗೆ ಎಷ್ಟೋ ಸಲ ಜ್ವರಾನೇ ಬರಲ್ಲ ಕಣ್ರೀ, ಅದಕ್ಕೇ ಹೇಳಿದ್ದು ಚಿಕ್ಕ ಗಾಯಕ್ಕೂ ಓಡಿ ಬನ್ನಿ ಅಂತ, ಡಾಕ್ಟರ ಗಂಟುಮುಖ, ಈ ಗೆರೆ ದಾಟಿದ್ರೆ ಆ ಮಾತ್ರೆ ನಿಲ್ಲಿಸ್ತೀನಿ, ಕಿಡ್ನಿ ಹೋದ್ರೆ ಹೋಗ್ಲಿ, ಜೀವ ಉಳೀಬೇಕು. ಹೋದರೆ ಹೋಗಲಿ, ಹೌದು, ಇವರಪ್ಪನ ಗಂಟೇನು ಹೋಗುತ್ತದೆ, ತಂಗಿ ತನ್ನ ಗಂಡನ ಜೊತೆ ಜಗಳವಾಡಿ ಕೊಟ್ಟದ್ದು, ಪಕ್ಕೆಯಲ್ಲಿ ಗೇಣುದ್ದ ಹೊಲಿಗೆ ಹಾಕಿಸಿಕೊಂಡು, ನಿನ್ನೆ ಈ ಕೈ ನೋಡಿ ಅವಳು ಅಳಲಿಲ್ಲ, ನಾನ್ ಕೊಟ್ಟಿದ್ದು ಹಳೇ ಬಟ್ಟೆ ಅಂದ್ಕೊಂಡ್ಯಾ ಅಣ್ಣ ಅಂದಳು.

ಗೆರೆ. ಕೆಂಪು ಅದನ್ನು ದಾಟಿದೆ, ಅರ್ಧ ಬೆರಳು, ಇಲ್ಲ, ಒಂದು — ಅಳತೆಯಲ್ಲಿ ಅವನ ಕಣ್ಣು ಎಂದೂ ಸುಳ್ಳು ಹೇಳಿಲ್ಲ, ಹಾಳು ಕಣ್ಣು. ಪೆನ್ನು ಮೇಜಿನ ಮೇಲೇ ಇದೆ, ನರ್ಸಮ್ಮ ಮರೆತು ಹೋಗಿದ್ದಾಳೆ, ಸ್ಪಿರಿಟ್ಟಿನ ಹತ್ತಿಯೂ ಇದೆ, ಇದನ್ನು ಒರೆಸಿ ಎರಡು ಬೆರಳು ಮೇಲೆ ಇನ್ನೊಂದು ಎಳೆದರೆ ಯಾರಿಗೆ ಗೊತ್ತಾದೀತು, ಮಾತ್ರೆ ನಿಲ್ಲುವುದಿಲ್ಲ, ಅವಳು ಕೊಟ್ಟದ್ದು ಉಳಿಯುತ್ತದೆ, ತಾನು ಸತ್ತರೆ ಅದೂ ಸಾಯುತ್ತದಲ್ಲ, ಇರಲಿ, ಆ ಯೋಚನೆ ಈಗ ಬೇಡ, ಒರೆಸಿದ, ಎಳೆದ, ಬಲಗೈ ಊದಿ ಬಿದ್ದಿದೆ, ಎಡಗೈಯಲ್ಲೇ ಎಳೆದ — ತಂಗಿಯ ಚಪ್ಪಲಿ ಸದ್ದು, ಫ್ಲಾಸ್ಕು ಕೆಳಗಿಟ್ಟಳು, ಬಗ್ಗಿದಳು, ಯಾರು ಎಳೆದಿದ್ದು ಇದು, ಇಷ್ಟು ಸೊಟ್ಟಗೆ, ನರ್ಸು ಅಂದ, ಅವಳು ಅವನ ಎಡಗೈ ನೋಡಿದಳು, ಬೆರಳಿಗಂಟಿದ ನೀಲಿ ನೋಡಿದಳು, ಓಡಿದಳು, ಡಾಕ್ಟ್ರೇ, ಮಾತ್ರೆ ನಿಲ್ಲಿಸಿ, ಈಗ್ಲೇ ನಿಲ್ಲಿಸಿ, ಅವಳದೇ ದನಿ, ಅವಳದೇ ಕಿಡ್ನಿ, ಅವನಿಗೆ ಕಾಣುವುದು ಗೆರೆಯೊಂದೇ, ನಡುಗಿದ ಗೆರೆ, ಸೊಟ್ಟ ಗೆರೆ, ಗೆರೆ —